ಹಳೆಯ ಮಾನಸಿಕ ಆಸ್ಪತ್ರೆಯ ಕಟ್ಟಡ: ನೋಡುವುದು ಹೇಗೆ, ಫೋಟೋ ತೆಗೆಯುವುದು ಹೇಗೆ?

ಕಮಲನಗರದಲ್ಲಿ ಮೂರು ಭಾಷೆಗಳಿವೆ. ಒಂದೇ ತಮಾಷೆ ಮೂರು ಭಾಷೆಯಲ್ಲೂ ಇದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ಕನ್ನಡದವರು "ಇವನಿಗಿ ಧಾರವಾಡಕ್ಕ ಕಳಸ್ರಿ" ಎನ್ನುತ್ತಾರೆ. ಉರ್ದು ಮಾತಾಡುವ ನಮ್ಮಂಥ ಮನೆಗಳಲ್ಲಿ "ಇಸ್ಕೊ ಎರ್ರಗಡ್ಡಾ ಲೇಜಾವೋ" ಎನ್ನುತ್ತಾರೆ. ಮರಾಠಿಯವರು ಪುಣೆಯ ಯೆರವಡಾದ ಹೆಸರು ಹೇಳುತ್ತಾರೆ. ಧಾರವಾಡ, ಹೈದರಾಬಾದಿನ ಎರ್ರಗಡ್ಡಾ, ಯೆರವಡಾ ಈ ಮೂರೂ ಕಡೆ ಸರಕಾರದ ದೊಡ್ಡ ಮಾನಸಿಕ ಆಸ್ಪತ್ರೆಗಳಿವೆ. ಅವುಗಳನ್ನು ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ, ಆದರೆ ಎಲ್ಲರೂ ಅವುಗಳಿಗೆ ಹೆದರುತ್ತೇವೆ.

ಈಗ ಹಳೆಯ ಕಟ್ಟಡಗಳ ಫೋಟೋ ಮತ್ತು ರೀಲ್ ಮಾಡುವ ಹವ್ಯಾಸ ನಮ್ಮ ವಯಸ್ಸಿನವರಲ್ಲಿ ಬಹಳ ಇದೆ. ಬೀದರ್ ಕೋಟೆ, ಅಷ್ಟೂರಿನ ಗುಂಬಜುಗಳು, 1472ರ ಮಹಮೂದ್ ಗವಾನ್ ಮದರಸಾ ನಮ್ಮೆಲ್ಲರ ಮೊಬೈಲಿನಲ್ಲೂ ಇವೆ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಹೀಗೆಯೇ ನೋಡಬಹುದೇ? ನೋಡಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕೋಟೆಯಲ್ಲಿ ಈಗ ಸುಲ್ತಾನರಿಲ್ಲ, ಆಸ್ಪತ್ರೆಯಲ್ಲಿ ಮಾತ್ರ ರೋಗಿಗಳು ಇಂದಿಗೂ ಇದ್ದಾರೆ.

ಕರ್ನಾಟಕದ ಎರಡು ಹಳೆಯ ಆಸ್ಪತ್ರೆಗಳು

ಧಾರವಾಡದ ಆಸ್ಪತ್ರೆ ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾಯಿತು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಈಗ ಅದಕ್ಕೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಎಂದು ಹೆಸರು.

ಬೆಂಗಳೂರಿನದು 1847ರಲ್ಲಿ 'ಲುನಾಟಿಕ್ ಅಸೈಲಮ್' ಎಂಬ ಹೆಸರಿನಲ್ಲಿ ಆರಂಭವಾಯಿತು. 1925ರಲ್ಲಿ ಮೈಸೂರು ಸರಕಾರ ಆ ಹೆಸರನ್ನು ತೆಗೆದು 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಹುಚ್ಚರನ್ನು ಕೂಡಿಡುವ ಜಾಗ ಎಂಬ ಅರ್ಥ ಹೋಗಿ ಚಿಕಿತ್ಸೆ ಕೊಡುವ ಜಾಗ ಎಂಬ ಅರ್ಥ ಬಂದದ್ದು ಹೀಗೆ. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಆಸ್ಪತ್ರೆ ಪೇಟೆಯ ಇಕ್ಕಟ್ಟು ಬಿಟ್ಟು ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಆ ಕಾಲದಲ್ಲಿ ಅದನ್ನು ನಡೆಸಿದವರು ಡಾ. ಫ್ರಾಂಕ್ ನೊರೊನ್ಹಾ, ಅವರ ನಂತರ ಡಾ. ಎಂ.ವಿ. ಗೋವಿಂದಸ್ವಾಮಿ. 1954ರಲ್ಲಿ ಕೇಂದ್ರ ಸರಕಾರ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಕಟ್ಟಡದಲ್ಲಿ ಏನು ನೋಡಬೇಕು?

ಇಂಥ ಕಟ್ಟಡವನ್ನು ಒಂದು ಲೆಕ್ಕದ ಪುಸ್ತಕದಂತೆ ಓದಬಹುದು. ಊರಿನಿಂದ ಎಷ್ಟು ದೂರ ಕಟ್ಟಿದ್ದಾರೆ, ಕಾಂಪೌಂಡ್ ಗೋಡೆ ಎಷ್ಟು ಎತ್ತರ ಇದೆ, ಕೋಣೆಯ ಬಾಗಿಲಿಗೆ ಚಿಲಕ ಒಳಗಿದೆಯೋ ಹೊರಗಿದೆಯೋ, ಕಿಟಕಿ ಎಷ್ಟು ಮೇಲಿದೆ, ವರಾಂಡ ಮತ್ತು ತೋಟಕ್ಕೆ ಜಾಗ ಬಿಟ್ಟಿದ್ದಾರೋ ಇಲ್ಲವೋ, ಇವೆಲ್ಲ ಆ ಕಾಲದವರು ರೋಗಿಯನ್ನು ಏನೆಂದು ತಿಳಿದಿದ್ದರು ಎಂದು ಹೇಳುತ್ತವೆ.

ಒಂಟಿ ಕೋಣೆಗಳು, ದಪ್ಪ ಸರಳುಗಳು ಯಾಕಿದ್ದವು? ಆಗ ಔಷಧ ಇರಲಿಲ್ಲ. ತೀವ್ರ ಮಾನಸಿಕ ಕಾಯಿಲೆಗೆ ಕ್ಲೋರ್‌ಪ್ರೊಮಜಿನ್ ಎಂಬ ಮೊದಲ ಒಳ್ಳೆಯ ಔಷಧದ ಬಳಕೆ ಶುರುವಾದದ್ದು 1952ರಲ್ಲಿ, ಫ್ರಾನ್ಸಿನಲ್ಲಿ. ಅದಾದ ಮೇಲೆ ಎಷ್ಟೋ ರೋಗಿಗಳು ಮನೆಗೆ ಮರಳುವಂತಾಯಿತು. ಅದೇ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ರೋಗಿ ಬೇಗ ಗುಣವಾಗುತ್ತಿದ್ದ, ಮನೆಯವರ ಹೆದರಿಕೆಯೂ ಹೋಗುತ್ತಿತ್ತು. ಇಂದು ನಿಮ್ಹಾನ್ಸ್‌ನಲ್ಲಿ ಮನೆಯವರು ಜೊತೆಗಿರುವ ವಾರ್ಡುಗಳಿವೆ.

ಆದ್ದರಿಂದ ಸರಳುಗಳ ಫೋಟೋ ಮಾತ್ರ ತೆಗೆದರೆ ಅರ್ಧ ಕಥೆ ಹೇಳಿದಂತೆ. ಬ್ಯಾಲೆನ್ಸ್ ಶೀಟಿನ ಒಂದೇ ಬದಿ ತೋರಿಸಿದರೆ ನಮ್ಮ ಕಾಮರ್ಸ್ ಸರ್ ಅದಕ್ಕೆ ಮಾರ್ಕ್ಸ್ ಕೊಡುವುದಿಲ್ಲ. ಇದೂ ಹಾಗೆಯೇ.

ರೋಗಿ ಪ್ರದರ್ಶನದ ವಸ್ತುವಲ್ಲ

ಲಂಡನ್ನಿನಲ್ಲಿ ಬೆತ್ಲೆಮ್ ಎಂಬ ಬಹಳ ಹಳೆಯ ಆಸ್ಪತ್ರೆ ಇದೆ. 18ನೇ ಶತಮಾನದಲ್ಲಿ ಜನ ಅಲ್ಲಿಗೆ ಜಾತ್ರೆಗೆ ಹೋದಂತೆ ಹೋಗಿ, ಕಾಣಿಕೆ ಹಾಕಿ, ರೋಗಿಗಳನ್ನು ನೋಡಿ ನಗುತ್ತಿದ್ದರು. 1770ರಲ್ಲಿ ಅದಕ್ಕೆ ಕಡಿವಾಣ ಬಿತ್ತು. ಇಂದು ಯಾರಾದರೂ ಒಬ್ಬ ರೋಗಿಯ ವಿಡಿಯೋ ಮಾಡಿ, ಹಿಂದೆ ಭಯದ ಸಂಗೀತ ಹಾಕಿ ಸ್ಟೇಟಸ್ ಇಟ್ಟರೆ, ನಿಂತು ಹೋದ ಆ ಜಾತ್ರೆಯನ್ನು ಮತ್ತೆ ಶುರು ಮಾಡಿದ ಹಾಗೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಟರ್ಕಿಯ ಎಡಿರ್ನೆ ಪಟ್ಟಣದಲ್ಲಿ ಸುಲ್ತಾನ್ ಎರಡನೇ ಬಾಯಜೀದ್ 1488ರಲ್ಲಿ ಪೂರ್ಣಗೊಳಿಸಿದ ದಾರುಶ್ಶಿಫಾ ಇದೆ. ಅಲ್ಲಿ ಮನಸ್ಸಿನ ಕಾಯಿಲೆಯವರಿಗೆ ನೀರಿನ ಸದ್ದು ಮತ್ತು ಸಂಗೀತ ಕೇಳಿಸಿ ಸಮಾಧಾನ ಮಾಡುತ್ತಿದ್ದರು. ಈಗ ಅದು ಮ್ಯೂಸಿಯಂ. ರೋಗಿಗಳು ಯಾರೂ ಇಲ್ಲದ ಕಾರಣ ಕಟ್ಟಡವನ್ನು ಎಲ್ಲರೂ ನೋಡುತ್ತಾರೆ. ನಿಮ್ಹಾನ್ಸ್‌ನಲ್ಲಿಯೂ ಮಾನವ ಮೆದುಳಿನ ಮ್ಯೂಸಿಯಂ ಇದೆ. ಅದನ್ನು ವಿದ್ಯಾರ್ಥಿಗಳು ಹೋಗಿ ನೋಡಬಹುದು. ಆದರೆ ಮ್ಯೂಸಿಯಂ ಬೇರೆ, ವಾರ್ಡು ಬೇರೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು. 29 ಮೇ 2018ರಿಂದ ಜಾರಿಯಲ್ಲಿದೆ. ಅದರ 23 ಮತ್ತು 24ನೇ ಸೆಕ್ಷನ್ನುಗಳು ನಮಗೆ ಮುಖ್ಯ. ರೋಗಿಯ ಕಾಯಿಲೆ ಮತ್ತು ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು. ಚಿಕಿತ್ಸೆಯಲ್ಲಿರುವವರ ಫೋಟೋ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಇದೇ ನಿಯಮ. ಕಾಯ್ದೆ ಮುರಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಬ್ಯಾಂಕು ಒಬ್ಬ ಗ್ರಾಹಕನ ಪಾಸ್‌ಬುಕ್ಕನ್ನು ಇನ್ನೊಬ್ಬನಿಗೆ ತೋರಿಸುವುದಿಲ್ಲ ಎಂದು ನಾವು ಓದಿದ್ದೇವೆ. ಹಣದ ವಿಷಯಕ್ಕೇ ಇಷ್ಟು ಗೋಪ್ಯತೆ ಇರುವಾಗ ಮನಸ್ಸಿನ ವಿಷಯಕ್ಕೆ ಎಷ್ಟಿರಬೇಕು? ಕನ್ನಡದಲ್ಲಿ 'ಅಮಾನತು' ಎಂದರೆ ಕೆಲಸದಿಂದ ತೆಗೆದಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ರೋಗಿಯ ಮುಖವೂ ಅಂಥ ಒಂದು ಅಮಾನತ್.

ಹೋಗುವುದಾದರೆ ಹೀಗೆ ಮಾಡಿ

1. ಮೊದಲು ಅನುಮತಿ. ಪ್ರಾಂಶುಪಾಲರ ಮೂಲಕ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಎಷ್ಟು ಜನ, ಯಾವ ದಿನ, ಕಟ್ಟಡದ ಯಾವ ಭಾಗ, ಫೋಟೋ ಎಲ್ಲಿ ಬಳಸುತ್ತೀರಿ ಎಂದು ಸ್ಪಷ್ಟವಾಗಿ ತಿಳಿಸಿ. ಬಾಯಿಮಾತಿನ ಒಪ್ಪಿಗೆ ಸಾಲದು.

2. ಒಳಗೆ ಸಿಬ್ಬಂದಿ ಜೊತೆಗೇ ಇರಿ. ವಾರ್ಡಿನ ಕಡೆ, ಒಪಿಡಿ ಸಾಲಿನ ಕಡೆ ಕ್ಯಾಮೆರಾ ತಿರುಗಿಸಬೇಡಿ.

3. ಕಮಾನು, ಹೆಂಚು, ಮೆಟ್ಟಿಲು, ಅಡಿಗಲ್ಲಿನ ಬರಹ, ಹಳೆಯ ಮರ, ಇವುಗಳ ಫೋಟೋ ತೆಗೆಯಿರಿ. ಜನರಿಲ್ಲದ ಹೊತ್ತಿಗೆ ಕಾಯಿರಿ.

4. ತೆಗೆದ ಫೋಟೋಗಳನ್ನು ಅಲ್ಲಿಯೇ ದೊಡ್ಡದು ಮಾಡಿ ನೋಡಿ. ಕಿಟಕಿಯ ಗಾಜಿನಲ್ಲಿ ಮುಖ, ಗೋಡೆಯ ಬೋರ್ಡಿನಲ್ಲಿ ಹೆಸರು ಕಂಡರೆ ಅಳಿಸಿಬಿಡಿ.

5. ರೋಗಿಯೇ ಬಂದು "ನನ್ನ ಫೋಟೋ ತೆಗಿ" ಎಂದರೂ ಸಿಬ್ಬಂದಿಯನ್ನು ಕೇಳದೆ ತೆಗೆಯಬೇಡಿ. ಸಲಾಮ್, ನಮಸ್ಕಾರ ಹೇಳಿ ಮಾತಾಡಿ. ಮಾತಿಗೆ ಅಡ್ಡಿಯಿಲ್ಲ.

6. ಶೀರ್ಷಿಕೆಯಲ್ಲಿ 'ಪಾಗಲ್‌ಖಾನಾ', 'ಹುಚ್ಚಾಸ್ಪತ್ರೆ', 'ಭೂತಬಂಗಲೆ' ಎಂದು ಬರೆಯಬೇಡಿ. ಕಟ್ಟಡದ ನಿಜವಾದ ಹೆಸರು ಮತ್ತು ವರ್ಷ ಬರೆಯಿರಿ.

ಇಷ್ಟೆಲ್ಲ ಯಾಕೆ?

ಒಂದು ಫೋಟೋದಿಂದ ಏನಾಗುತ್ತದೆ ಎಂದು ಕೇಳಬಹುದು. ಫೋಟೋದಿಂದ ಹೆದರಿಕೆ ಹುಟ್ಟುತ್ತದೆ, ಹೆದರಿಕೆಯಿಂದ ಜನ ದವಾಖಾನೆ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ. 6 ಆಗಸ್ಟ್ 2001ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದರು. ಓಡಲಾಗದೆ 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟವರು ಮನೆಯವರೇ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಹೆಸರು, ಖರ್ಚು, ಜನರ ಮಾತು ಇವುಗಳಿಗೆ ಹೆದರುವ ಮನೆಗಳು ನಮ್ಮಲ್ಲೂ ಇವೆ. ದುವಾ ಮಾಡುವುದನ್ನು ಯಾರೂ ಬಿಡಬೇಕಾಗಿಲ್ಲ. ಅದರ ಜೊತೆಗೆ ದವಾ ಕೂಡ ಬೇಕು. ಈಗಿನ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ.

ಇನ್ನೊಂದು ವಿಷಯ. ಚಿಕಿತ್ಸೆಗೆ ಧಾರವಾಡಕ್ಕೋ ಎರ್ರಗಡ್ಡಾಕ್ಕೋ ಹೋಗಲೇಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಲ್ಲರು ಎಂದು ಅದು ತೋರಿಸಿತು. ಅದರ ಆಧಾರದ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಬೀದರಿನ ಬ್ರಿಮ್ಸ್‌ನಲ್ಲಿ ಮನೋರೋಗ ವಿಭಾಗವಿದೆ. 14416 ಎಂಬ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲಿಯೇ ಮಾತಾಡುತ್ತಾರೆ.

ಪರೀಕ್ಷೆಯ ದಿನಗಳಲ್ಲಿ ನಿದ್ದೆ ಬರದವರು, ಊಟ ಸೇರದವರು, ಸುಮ್ಮನೆ ಅಳುವವರು ನಮ್ಮ ಬೆಂಚಿನಲ್ಲೇ ಇರುತ್ತಾರೆ. "ಎರ್ರಗಡ್ಡಾ ಲೇಜಾವೋ" ಎಂಬ ತಮಾಷೆ ಕೇಳಿದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಕಟ್ಟಡ ನೋಡಲು ಹೋಗುವವರು ಹೋಗಿ ಬನ್ನಿ, ಒಳ್ಳೆಯ ಫೋಟೋ ತನ್ನಿ, ನಮ್ಮ ನೋಟಿಸ್ ಬೋರ್ಡಿಗೆ ಹಾಕೋಣ. ಆ ತಮಾಷೆಯನ್ನು ಮಾತ್ರ ಇವತ್ತಿನಿಂದಲೇ ಬಿಡೋಣ.