ಕಣಿವೆಯ ಗಾಳಿಗೆ ಸಾಕ್ಷಿ ನುಡಿದ ಹಾಳೆಗಳು

ಅಮೆರಿಕದ ಯೂಟಾ ರಾಜ್ಯದಲ್ಲಿ, ವಾಸಾಚ್ ಪರ್ವತಶ್ರೇಣಿಯ ಬುಡದಲ್ಲಿ ಪ್ರೋವೊ, ಓರೆಮ್, ಲಿಂಡನ್ ಊರುಗಳಿವೆ. ಚಳಿಗಾಲದಲ್ಲಿ ಈ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕೂತುಬಿಡುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಕೆಳಗಿನ ಗಾಳಿ ಮೇಲೇಳಲಾರದು, ಬೆಟ್ಟಗಳು ಅದನ್ನು ಪಕ್ಕಕ್ಕೂ ಸರಿಯಗೊಡವು. ಅಲ್ಲಿಯವರು ಇದಕ್ಕೆ ಇನ್‌ವರ್ಷನ್ ಎನ್ನುತ್ತಾರೆ. ಅದು ಕದಲುವವರೆಗೆ ಹೊಗೆ, ದೂಳು ದಿನದಿಂದ ದಿನಕ್ಕೆ ಕೂಡುತ್ತಲೇ ಹೋಗುತ್ತವೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಜಿನೀವಾ ಉಕ್ಕಿನ ಕಾರ್ಖಾನೆ ತಲೆ ಎತ್ತಿತು. ಕಣಿವೆಗೆ ಕೆಲಸ ಕೊಟ್ಟದ್ದೂ ಅದೇ, ದೂಳು ಸುರಿದದ್ದೂ ಅದೇ. 1985ರಲ್ಲಿ ಲಿಂಡನ್‌ನಲ್ಲಿ ಪಿಎಂ 10, ಅಂದರೆ 10 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಅಳೆಯುವ ಕೆಲಸ ಶುರುವಾಯಿತು. ವಿಧಾನ ಸರಳ: ಮೊದಲೇ ತೂಗಿಟ್ಟ ಫಿಲ್ಟರ್ ಹಾಳೆಯ ಮೂಲಕ 24 ಗಂಟೆ ಗಾಳಿ ಎಳೆಯುವುದು, ಆಮೇಲೆ ಹಾಳೆಯನ್ನು ಮತ್ತೆ ತೂಗುವುದು. ಹೆಚ್ಚಿದ ತೂಕವೇ ಆ ದಿನದ ದೂಳು.

ಮರುವರ್ಷ, 1986ರ ಆಗಸ್ಟ್‌ನಲ್ಲಿ, ಕಾರ್ಮಿಕ ವಿವಾದದಿಂದ ಕಾರ್ಖಾನೆ ನಿಂತಿತು. ಸುಮಾರು 13 ತಿಂಗಳ ನಂತರ ಹೊಸ ಮಾಲೀಕರ ಕೈಯಲ್ಲಿ ಮತ್ತೆ ಹೊತ್ತಿಕೊಂಡಿತು. ಪ್ರೋವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆರ್ಡನ್ ಪೋಪ್, ಈ ಅವಧಿಯ ದೂಳಿನ ಲೆಕ್ಕವನ್ನೂ ಆಸ್ಪತ್ರೆಗಳ ದಾಖಲೆಯನ್ನೂ ಜೊತೆಗಿಟ್ಟು ನೋಡಿದರು. 1989ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕಾರ್ಖಾನೆ ನಡೆದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು.

ಪೋಪ್ ಮುಂದೆ 1993 ಮತ್ತು 1995ರ ದೊಡ್ಡ ಅಧ್ಯಯನಗಳಲ್ಲೂ ದುಡಿದರು. ಸೂಕ್ಷ್ಮ ಕಣಗಳಿಗೂ ಸಾವಿಗೂ ಇರುವ ನಂಟನ್ನು ಅವು ತೋರಿಸಿದವು. 1997ರಲ್ಲಿ ಅಮೆರಿಕ ಈ ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ಮೊದಲ ಬಾರಿ ಮಿತಿ ಹಾಕಿತು. ಹಳೆಯ ಹಾಳೆಗಳ ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಕಾರ್ಖಾನೆ ಮುಚ್ಚುವ ಮೊದಲು, ಮುಚ್ಚಿದಾಗ, ತೆರೆದ ಮೇಲೆ ಕಣಿವೆಯಲ್ಲಿ ಹಿಡಿದಿಟ್ಟಿದ್ದ ದೂಳಿನ ಸಾರ ತೆಗೆದು ವಿಜ್ಞಾನಿಗಳು ಆರೋಗ್ಯವಂತ ಸ್ವಯಂಸೇವಕರ ಶ್ವಾಸಕೋಶದಲ್ಲಿ ಪರೀಕ್ಷಿಸಿದರು. ಕಾರ್ಖಾನೆ ನಡೆದ ವರ್ಷಗಳ ದೂಳಿಗೇ ಹೆಚ್ಚು ಉರಿಯೂತ ಕಂಡಿತು. ಆ ವರದಿ ಬಂದದ್ದು 2001ರಲ್ಲಿ.

ದೂಳು ಅಳೆಯುವ ಇನ್ನೊಂದು ಕಥೆ ಶುರುವಾದದ್ದು ಕಣಿವೆಯ ಉತ್ತರದ ಬೆಟ್ಟದಾಚೆಯ ಡ್ರೇಪರ್ ಎಂಬ ಊರಿನಲ್ಲಿ. ಮನೆಯ ಹತ್ತಿರದ ಜಲ್ಲಿ ಕ್ವಾರಿಯ ದೂಳು ಎಷ್ಟೆಂದು ತಿಳಿಯಲು ಹೊರಟ ಏಡ್ರಿಯನ್ ಡಿಬ್ವಾಡ್, ಅಲ್ಲಿಯೇ ಪರ್ಪಲ್‌ಏರ್ ಸಂಸ್ಥೆ ಕಟ್ಟಿದರು. ಗೋಡೆಗೆ ತೂಗುಹಾಕುವ ಅದರ ಪುಟ್ಟ ಯಂತ್ರ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ನೋಡಿ ದೂಳನ್ನು ಅಂದಾಜಿಸುತ್ತದೆ. ಹಾಳೆಯ ತೂಕದಷ್ಟು ಕರಾರುವಾಕ್ಕಲ್ಲ, ಕಾಡ್ಗಿಚ್ಚಿನ ಹೊಗೆಯನ್ನು ಹೆಚ್ಚಾಗಿ ತೋರಿಸುತ್ತದೆ. ಆದರೂ ಬೀದಿ ಬೀದಿಯ ಸ್ಥಿತಿ ಆ ಕ್ಷಣಕ್ಕೇ ಗೊತ್ತಾಗುತ್ತದೆ. 2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಅಂಕಿಗಳನ್ನು ತಿದ್ದಿಕೊಂಡು ತನ್ನ ಕಾಡ್ಗಿಚ್ಚು ನಕ್ಷೆಗೆ ಸೇರಿಸಿತು.

ಲಿಂಡನ್‌ನ ಯಂತ್ರ ಎರಡು ವರ್ಷ ತಡವಾಗಿ ಬಂದಿದ್ದರೆ ಕಾರ್ಖಾನೆ ಮುಚ್ಚಿದ್ದ ಆ ಚಳಿಗಾಲದ ದೂಳಿಗೆ ಲೆಕ್ಕವೇ ಇರುತ್ತಿರಲಿಲ್ಲ. ಗಾಳಿ ಕೆಟ್ಟಿತೆಂದು ಕೂಗೆದ್ದ ಮೇಲೆ ಅಳೆಯತೊಡಗಿದರೆ ಹೋಲಿಸಲು ಹಿಂದಿನದು ಸಿಗದು. ಕಾರ್ಖಾನೆಯೋ ಕ್ವಾರಿಯೋ ಬರಲಿರುವ ಯಾವುದೇ ಊರಿನಲ್ಲಿ, ಅದಕ್ಕಿಂತ ಮೊದಲೇ ಅಳತೆ ಶುರುವಾಗಬೇಕು. ಆ ಲೆಕ್ಕ ಊರವರ ಕೈಗೂ ಸಿಗಬೇಕು.