ಎರರ್ ಬರಲಿಲ್ಲ ಎಂದರೆ ಸರಿಯಾಗಿ ಓದಿತು ಎಂದಲ್ಲ

ಎನ್‌ಕೋಡಿಂಗ್ ಯಾವುದೆಂದು ಗೊತ್ತಿಲ್ಲದ ಫೈಲು ಕೈಗೆ ಬಂದಾಗ ಪ್ರೋಗ್ರಾಮರುಗಳಲ್ಲಿ ಒಂದು ವಾಡಿಕೆಯಿದೆ. ಮೊದಲು ಯುಟಿಎಫ್-8 ಎಂದು ಓದಿಸುವುದು. ಎರರ್ ಬಂದರೆ ಲ್ಯಾಟಿನ್-1 ಎಂದು ಬದಲಿಸುವುದು. ಎರರ್ ನಿಂತಿತಲ್ಲ, ಹಾಗಾದರೆ ಇದು ಲ್ಯಾಟಿನ್-1 ಎಂದು ತೀರ್ಮಾನಿಸಿಬಿಡುವುದು. ಈ ನಂಬಿಕೆ ಇಷ್ಟು ವರ್ಷ ಹೇಗೆ ಬಾಳಿಕೆ ಬಂತೋ! ಲ್ಯಾಟಿನ್-1ರಲ್ಲಿ ಎರರ್ ಬರಲು ಸಾಧ್ಯವೇ ಇಲ್ಲ. 0ಯಿಂದ 255ರವರೆಗೆ ಪ್ರತಿ ಬೈಟಿಗೂ ಅಲ್ಲಿ ಒಂದು ಅಕ್ಷರವೋ ನಿಯಂತ್ರಣ ಸಂಕೇತವೋ ನಿಗದಿಯಾಗಿದೆ; ಫೋಟೊ ಕೊಟ್ಟರೂ ಪಠ್ಯವೆಂದೇ ಓದಿ ಮುಗಿಸುತ್ತದೆ. ಯಾರನ್ನೂ ಫೇಲು ಮಾಡದ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಏನು ಬೆಲೆ? 179 ಎಂಬ ಒಂದೇ ಬೈಟನ್ನು ನೋಡಿ. ಲ್ಯಾಟಿನ್-1ರಲ್ಲಿ ಅದು ಘನ ಸೂಚಿಸುವ ಪುಟ್ಟ ಮೂರು. ರಷ್ಯನ್ನರ ಕೆಓಐ8-ಆರ್‌ನಲ್ಲಿ ‘ಯೊ’ ಎಂಬ ದೊಡ್ಡಕ್ಷರ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ‘ಕ’; ಅದು ಕನ್ನಡದ್ದೋ ದೇವನಾಗರಿಯದ್ದೋ ಎಂಬುದನ್ನು ಬೇರೆಯೇ ತಿಳಿಸಬೇಕು. ಯುಟಿಎಫ್-8ರಲ್ಲಿ ಅದಕ್ಕೆ ಒಂಟಿಯಾಗಿ ಅರ್ಥವೇ ಇಲ್ಲ. ಇವುಗಳಲ್ಲಿ ಯಾವುದು ಸರಿ ಎಂದು ಬೈಟು ತಾನಾಗಿ ಹೇಳುವುದಿಲ್ಲ.

“ಇರಲಿ, ತಪ್ಪಾದರೆ ಆಮೇಲೆ ತಿರುಗಿಸಿಕೊಂಡರಾಯಿತು” ಎಂಬ ಸಮಾಧಾನವೂ ಕೇಳಿಬರುತ್ತದೆ. ಶುದ್ಧ ಲ್ಯಾಟಿನ್-1 ಆದರೆ ಅದು ನಿಜ. ಆದರೆ ಬಳಕೆಯಲ್ಲಿ ಆ ಹೆಸರಿನಡಿ ಎಷ್ಟೋ ಸಲ ನುಸುಳುವುದು ವಿಂಡೋಸ್-1252, ಅದರಲ್ಲಿ ಐದು ಜಾಗಗಳು ಖಾಲಿ: 129, 141, 143, 144, 157. ಯುಟಿಎಫ್-8ರಲ್ಲಿರುವ ಕನ್ನಡ ಫೈಲನ್ನು ಇದರಲ್ಲಿ ಓದಿಸಿದರೆ ಏನಾಗುತ್ತದೆ ನೋಡಿ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟು. ಕೊಂಬಿನ ಗುರುತು ‘ು’ 224, 179, 129. ಒತ್ತಕ್ಷರಗಳಿಗೆಲ್ಲ ಆಧಾರವಾದ ಹಲಂತ 224, 179, 141. ಎರಡರ ಕೊನೆಯ ಬೈಟೂ ಸರಿಯಾಗಿ ಆ ಖಾಲಿ ಗುಂಡಿಗಳಿಗೇ ಬೀಳುತ್ತದೆ. ಪೈಥಾನ್ ಇಲ್ಲಿ ನ್ಯಾಯವಾಗಿ ಎರರ್ ಕೊಡುತ್ತದೆ. ಆಗ ‘ಇಗ್ನೋರ್’ ಎಂದು ಬರೆದು ಅದರ ಬಾಯಿ ಮುಚ್ಚಿಸಿದರೆ ಕೊನೆಯ ಬೈಟು ಮಾಯ, ಉಳಿಯುವುದು 224, 179. ಹಿಂದಕ್ಕೆ ತಿರುಗಿಸಲು ಹೊರಟರೆ ಅಲ್ಲಿದ್ದದ್ದು ‘ನು’ವೋ ‘ನ್’ ಎಂಬುದೋ ಎಂದು ಹೇಳುವ ದಾರಿಯೇ ಇರುವುದಿಲ್ಲ. ಕನ್ನಡದಲ್ಲಿ ಇವೆರಡೂ ಇಲ್ಲದ ಸಾಲು ಹುಡುಕಿ ನೋಡಿ! ‘ಇಗ್ನೋರ್’ ಬದಲು ‘ರೀಪ್ಲೇಸ್’ ಹಾಕಿದರೆ ಪ್ರಶ್ನಾರ್ಥಕದ ಕಪ್ಪು ವಜ್ರವಾದರೂ ಕಾಣುತ್ತದೆ, ಕಳೆದದ್ದು ಮಾತ್ರ ಕಳೆದೇ ಹೋಯಿತು.

ಹಾಗಾದರೆ ಎನ್‌ಕೋಡಿಂಗ್ ಪತ್ತೆಹಚ್ಚುವ ಲೈಬ್ರರಿಗಳಿಲ್ಲವೇ ಎನ್ನಬಹುದು. ಇವೆ, ಮತ್ತು ಉದ್ದನೆಯ ಪಠ್ಯದಲ್ಲಿ ಚೆನ್ನಾಗಿಯೇ ಊಹಿಸುತ್ತವೆ. ಆದರೆ ಊಹಿಸುತ್ತವೆ, ಅಷ್ಟೆ. ವಿಂಡೋಸ್ ಎಕ್ಸ್‌ಪಿ ಕಾಲದ ನೋಟ್‌ಪ್ಯಾಡ್ 18 ಅಕ್ಷರಗಳ ಸಾದಾ ಇಂಗ್ಲಿಷ್ ವಾಕ್ಯವೊಂದನ್ನು ಯುಟಿಎಫ್-16 ಎಂದು ಭಾವಿಸಿ ಚೀನೀ ಅಕ್ಷರಗಳಾಗಿ ತೋರಿಸುತ್ತಿತ್ತು. ನಮ್ಮಲ್ಲಿನ ಪೇಚು ಇನ್ನೂ ಸ್ವಾರಸ್ಯದ್ದು. ಕನ್ನಡದ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ‘ಕ’ ಎಂದರೆ 80 ಮತ್ತು 192, ಅಂದರೆ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀರಿರುವ ‘ಎ’. ಲೈಬ್ರರಿ ಇದನ್ನು ವಿಂಡೋಸ್-1252 ಎಂದರೆ ಅದರ ಉತ್ತರ ತಪ್ಪಲ್ಲ, ಆದರೆ ಉಪಯೋಗವೂ ಇಲ್ಲ. ಕನ್ನಡ ಅಡಗಿರುವುದು ಫಾಂಟಿನಲ್ಲಿ. ಯುಟಿಎಫ್-8 ಪರೀಕ್ಷೆಯ ಮಾತು ಬೇರೆ: ಅದರ ನಿಯಮ ಬಿಗಿ, ಬೇರೆ ಎನ್‌ಕೋಡಿಂಗಿನ ಉದ್ದನೆಯ ಪಠ್ಯ ಆಕಸ್ಮಿಕವಾಗಿ ಅದನ್ನು ದಾಟುವುದು ಅಪರೂಪ, ಆದ್ದರಿಂದ ಅದನ್ನು ಮೊದಲು ಮಾಡುವುದು ಸರಿಯೇ. ಆದರೆ ಫೈಲಿನ ಆರಂಭದಲ್ಲಿ ಬಿಓಎಂ ಎಂಬ ಗುರುತು ಇಲ್ಲದಿದ್ದರೆ ಯುಟಿಎಫ್-8 ಅಲ್ಲ ಎಂಬುದು ಸುಳ್ಳು. ಎಕ್ಸೆಲ್‌ನಲ್ಲಿ ಕಲಸುಮೇಲೋಗರ ಕಂಡರೆ ಫೈಲೇ ಕೆಟ್ಟಿದೆ ಎಂಬುದೂ ಸುಳ್ಳು.

ಪರದೆಯ ಮೇಲೆ ಕೆಂಪು ಸಾಲು ಕಾಣದಿದ್ದರೆ ಎಲ್ಲವೂ ಸರಿಯಿದೆ ಎನ್ನುವ ಈ ಭೋಳೇತನ ಎನ್‌ಕೋಡಿಂಗಿಗೆ ನಿಲ್ಲುವುದಿಲ್ಲ. ಯಂತ್ರ ‘ಶೇಕಡಾ 73 ಖಚಿತ’ ಎಂದು ಅಂಕಿ ತೋರಿಸಿದರೆ ಅದನ್ನೂ ಕಣ್ಣುಮುಚ್ಚಿ ಒಪ್ಪುವವರಿದ್ದಾರೆ. ಯುಟಿಎಫ್-8 ಪರೀಕ್ಷೆಯಲ್ಲಿ ಬಿದ್ದ ಫೈಲಿನ ಮೂಲ ಬೈಟುಗಳನ್ನು ಮುಟ್ಟದೆ ಎತ್ತಿಡಿ, ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಬರೆದದ್ದೆಂದು ಕಳಿಸಿದವರನ್ನೇ ಕೇಳಿ.