ಹಳೆಯ ಗಣಕ, ಜಿಸ್ಟ್ ಕಾರ್ಡು ಮತ್ತು ಲಿಪಿಯ ಗುರುತು

ಹಸ್ತಪ್ರತಿಯ ಪಾಠವನ್ನು ಶೋಧಿಸುವವರು ಮೊದಲು ಓಲೆಗರಿಯ ಸ್ಥಿತಿಯನ್ನು ಗಮನಿಸುತ್ತಾರೆ. 1990ರ ದಶಕದಲ್ಲಿ ಗಣಕಕ್ಕೇರಿದ ಪಾಠಗಳ ವಿಷಯದಲ್ಲಿಯೂ ಅದೇ ಎಚ್ಚರ ಅಗತ್ಯ. ಅವುಗಳಲ್ಲಿ ಹಲವು, ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡಿನ ನೆರವಿನಿಂದ ರೂಪುಗೊಂಡವು. ಡಾಸ್ ತಂತ್ರಾಂಶಗಳನ್ನು ಬದಲಿಸದೆಯೇ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುವುದು ಈ ಕಾರ್ಡಿನ ವೈಶಿಷ್ಟ್ಯ.

ಇಂಥ ಕಾರ್ಡುಗಳು ಕೂರುವುದು ಗಣಕದ ಐಎಸ್ಎ ಸ್ಲಾಟಿನಲ್ಲಿ. ಅಲ್ಲಿ ಕಾರ್ಡೊಂದು ಈ ಬಗೆಯ ಸಂಪನ್ಮೂಲಗಳನ್ನು ಬೇಡಬಹುದು: ಪೋರ್ಟ್ ವಿಳಾಸ, ಇಂಟರಪ್ಟ್ ಸಂಖ್ಯೆ ಮತ್ತು ಸ್ಮೃತಿಯ ಒಂದು ಭಾಗ. ಒಂದೇ ಇಂಟರಪ್ಟನ್ನು ಎರಡು ಕಾರ್ಡುಗಳು ಹಂಚಿಕೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಕೀಲಿಮಣೆಗೆ 1, ಮೊದಲ ಸೀರಿಯಲ್ ಪೋರ್ಟಿಗೆ 4, ಫ್ಲಾಪಿಗೆ 6, ಮುದ್ರಕಕ್ಕೆ 7, ಹಾರ್ಡ್ ಡಿಸ್ಕಿಗೆ 14 ಎಂಬ ಹಂಚಿಕೆ ರೂಢಿಯಲ್ಲಿರುವುದರಿಂದ ಹೊಸದಾಗಿ ಬಂದ ಕಾರ್ಡಿಗೆ ಉಳಿಯುವ ಅವಕಾಶ ಕಡಿಮೆ.

ಈ ಆಯ್ಕೆಗಳನ್ನು ಕಾರ್ಡಿನ ಮೇಲಿರುವ ಜಂಪರ್‌ಗಳೇ ನಿರ್ಧರಿಸುತ್ತವೆ. ಆದಕಾರಣ ವಿದ್ಯುತ್ ಸಂಪರ್ಕವನ್ನು ಕಡಿದು, ಜಂಪರ್‌ಗಳ ಸ್ಥಾನವನ್ನು ಛಾಯಾಚಿತ್ರದಲ್ಲಿ ದಾಖಲಿಸಿದ ಬಳಿಕವೇ ಕಾರ್ಡನ್ನು ಕದಲಿಸತಕ್ಕದ್ದು. ಅನಗತ್ಯ ಕಾರ್ಡುಗಳನ್ನು ತೆಗೆದು, ಒಂದೊಂದನ್ನೇ ಮರಳಿ ಸೇರಿಸಿ ಪರೀಕ್ಷಿಸಿದರೆ ಘರ್ಷಣೆಯ ಮೂಲ ತಿಳಿಯುತ್ತದೆ. 1990ರ ದಶಕದ ಉತ್ತರಾರ್ಧದ ಗಣಕಗಳು ಸಂಪನ್ಮೂಲಗಳನ್ನು ತಾವೇ ಹಂಚುತ್ತವೆ. ಜಂಪರ್ ಕಾರ್ಡು ತನ್ನ ಅಗತ್ಯವನ್ನು ಅವಕ್ಕೆ ತಿಳಿಸಲಾರದು. ಆದ್ದರಿಂದ ಅದರ ಇಂಟರಪ್ಟನ್ನು ಬಯೋಸ್‌ನಲ್ಲಿ ನಾವೇ ಕಾಯ್ದಿರಿಸಬೇಕು. ಕಾರ್ಡು 640 ಕಿಲೋಬೈಟಿನಿಂದ 1 ಮೆಗಾಬೈಟಿನವರೆಗಿನ ಸ್ಮೃತಿಯನ್ನು ಬಳಸುವುದಾದರೆ, ಇಎಂಎಂ386ರಂಥ ಸ್ಮೃತಿನಿರ್ವಾಹಕವು ಅದನ್ನು ಖಾಲಿಯೆಂದು ಭಾವಿಸಿ ಆಕ್ರಮಿಸದಂತೆ ಕಾನ್ಫಿಗ್ ಕಡತದಲ್ಲಿ ಆ ಭಾಗವನ್ನು ಹೊರತುಪಡಿಸಬೇಕು.

ಯಂತ್ರ ಚಾಲನೆಗೊಂಡು ಅಕ್ಷರಗಳು ಮೂಡಿದ ಮೇಲೆ ನಿಜವಾದ ಪಾಠಸಮಸ್ಯೆ ಎದುರಾಗುತ್ತದೆ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಬ್ರಾಹ್ಮೀಮೂಲದ ಲಿಪಿಗಳೆಲ್ಲಕ್ಕೂ ಸಂಕೇತಗಳು ಸಮಾನ. 179 ಎಂದರೆ ಕಕಾರ. ಅದು ಕನ್ನಡದ್ದೋ ತೆಲುಗಿನದೋ ಮಲಯಾಳದ್ದೋ ಎಂಬುದನ್ನು ಆ ಸಂಖ್ಯೆ ಹೇಳದು. ಲಿಪಿಯನ್ನು ಸೂಚಿಸಲು 239ರಿಂದ ಆರಂಭವಾಗುವ ಪ್ರತ್ಯೇಕ ಗುರುತಿದೆ. ಕಡತದಲ್ಲಿ ಅದು ಇಲ್ಲದಿದ್ದರೆ, ಆಗ ಆಯ್ಕೆಯಾಗಿರುವ ಲಿಪಿಯಲ್ಲಿಯೇ ಪಾಠ ಕಾಣಿಸುತ್ತದೆ.

ಗಡಿನಾಡಿನ ಬರವಣಿಗೆಗೆ ಇದು ಸಣ್ಣ ಸಂಗತಿಯಲ್ಲ. ಆದೋನಿಯ ಲೇಖಕರೊಬ್ಬರ ಕನ್ನಡ ಕಡತವನ್ನು ತೆಲುಗಿನ ಆಯ್ಕೆಯಲ್ಲಿ ತೆರೆದೆವೆಂದು ಭಾವಿಸೋಣ. ಪರದೆಯ ಮೇಲೆ ಗೊಂದಲದ ಚಿಹ್ನೆಗಳು ಬರುವುದಿಲ್ಲ. ಕನ್ನಡ ನುಡಿಯೇ ಓದಬಲ್ಲ ತೆಲುಗು ಅಕ್ಷರಗಳಲ್ಲಿ ಮೂಡುತ್ತದೆ. ತಪ್ಪು ತಪ್ಪಾಗಿ ಕಾಣದಿರುವುದೇ ಇಲ್ಲಿಯ ಅಪಾಯ. ಅವಸರದ ಸೂಚೀಕಾರನು ಅದನ್ನು ತೆಲುಗು ಕೃತಿಯೆಂದು ದಾಖಲಿಸಿದರೆ, ಒಂದು ಕನ್ನಡ ಕೃತಿ ಕನ್ನಡದ ಲೆಕ್ಕದಿಂದಲೇ ಜಾರಿಹೋಗುತ್ತದೆ. ಇದಕ್ಕೆ ಪ್ರತಿಯಾಗಿ, ಲೇಖಕರೇ ಕನ್ನಡವನ್ನು ತೆಲುಗು ಲಿಪಿಯಲ್ಲಿ ಬರೆಯಲು ಬಯಸಿದ್ದರೆ ಅದೂ ದ್ವಿಭಾಷಿಕ ಜೀವನದ ಸಾಕ್ಷ್ಯವೇ.

ಯೂನಿಕೋಡಿನಲ್ಲಿ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ಸ್ಥಾನವಿದೆ. ಅಲ್ಲಿಗೆ ಪರಿವರ್ತಿಸುವಾಗ ಲಿಪಿಯ ನಿರ್ಣಯ ಅನಿವಾರ್ಯ. ಆದುದರಿಂದ ಮೂಲಕಡತವನ್ನು ಬದಲಿಸದೆ ನಕಲಿಸಿಟ್ಟುಕೊಂಡು, ಆ ಗಣಕದಲ್ಲಿ ಆಯ್ಕೆಯಾಗಿದ್ದ ಲಿಪಿಯನ್ನೂ ಲೇಖಕರ ಭಾಷಾ ಹಿನ್ನೆಲೆಯನ್ನೂ ಜತೆಗೆ ಬರೆದಿಡಬೇಕು. ಪರಿವರ್ತನೆ ಆಮೇಲಿನ ಕೆಲಸ.